ಒಂದೇ ತೋಳಿನ ಉಬ್ಬು

ಟೇಲರನ ಕೈಗೆ ಬಂದ ಫ್ಯಾಷನ್ ಪತ್ರಿಕೆಯಲ್ಲಿ ನಡುವಿನ ಹಾಳೆ ಬಿದ್ದುಹೋಗಿತ್ತು. ಅದು ಅವನಿಗೆ ಗೊತ್ತಾಗುವ ಹೊತ್ತಿಗೆ ಹನ್ನೆರಡು ಕೋಟು ಹೊಲಿದಾಗಿತ್ತು.

ಅದು ಉಬ್ಬು ತೋಳಿನ ದಶಕ. ಎಲ್ಲೋ ಮಹಾನಗರದಲ್ಲಿ ಕೂತ ನಾಲ್ಕೈದು ವಿನ್ಯಾಸಕರು ಪೆನ್ಸಿಲ್ ಎಳೆದರೆ ಸಾಕು, ಆರು ತಿಂಗಳೊಳಗೆ ಈ ಬೀದಿಯ ಹೆಂಗಸರ ಭುಜ ಬಾಗಿಲಿಗೆ ತಗುಲುವಷ್ಟು ಅಗಲವಾಗುತ್ತಿತ್ತು. ಅವರ ಪೈಕಿ ಅತಿ ದೊಡ್ಡ ಹೆಸರಿನ ವಿನ್ಯಾಸಕಿಯ ಕೋಟನ್ನು ಟೇಲರ್ ಆ ಪತ್ರಿಕೆ ನೋಡಿಯೇ ಹೊಲಿದಿದ್ದ. ಒಂದು ತೋಳು ಬಲೂನಿನಂತೆ ಉಬ್ಬಿತ್ತು, ಇನ್ನೊಂದು ಮೈಗಂಟಿಕೊಂಡಿತ್ತು. ಚಿತ್ರದಲ್ಲಿದ್ದದ್ದೇ ಹಾಗೆ. ಚಿತ್ರದ ಚೆಲುವೆಯ ಮುಖವೂ ಕೊಂಚ ಸೊಟ್ಟಗಿತ್ತು. ದೊಡ್ಡ ಊರಿನವರು ಹಾಗೇ ಇರಬಹುದೆಂದು ಅವನು ಸುಮ್ಮನಾಗಿದ್ದ. ಮೊದಲ ಕೋಟು ಮಿಲ್ಲಿನ ಮಾಲೀಕರ ಹೆಂಡತಿಗೆ. ಬೀದಿಯವರ ಬಾಯಲ್ಲಿ ಆಕೆ ಮಿಲ್ಲಮ್ಮ. ಅದನ್ನು ನೋಡಿದ್ದೇ ತಡ, ಅವರ ಮಹಿಳಾ ಸಂಘದ ಹನ್ನೊಂದು ಮಂದಿಯೂ ತಮಗೂ ಅದೇ ಬೇಕೆಂದು ಅಳತೆ ಕೊಟ್ಟುಹೋದರು.

ಈ ದಿನ ಬೆಳಗ್ಗೆ ಪಕ್ಕದ ಕ್ಷೌರದಂಗಡಿಯವನು ಅದೇ ಪತ್ರಿಕೆಯ ಇನ್ನೊಂದು ಪ್ರತಿ ಹಿಡಿದುಕೊಂಡು ಬಂದ.

"ಅಣ್ಣಾ, ನಿನ್ನ ಕೋಟಿನವಳು ಇಲ್ಲಿ ಎರಡು ಪುಟಕ್ಕೂ ಹರಡಿಕೊಂಡು ಪೂರ್ತಿ ಇದ್ದಾಳೆ ನೋಡು. ಎರಡು ತೋಳೂ ಉಬ್ಬು!"

"ಮತ್ತೆ ಬಿಗಿ ತೋಳಿನವಳು ಯಾರೋ?"

ಕ್ಷೌರದವನು ಎರಡು ಹಾಳೆ ಮಗುಚಿದ. "ಇವಳು ಸ್ಟೌ ಜಾಹೀರಾತಿನವಳು. ನಡುವಿನ ಹಾಳೆ ಉದುರಿ, ನಿನ್ನ ಪತ್ರಿಕೇಲಿ ಅವಳರ್ಧ ಇವಳರ್ಧ ಸೇರಿ ಒಬ್ಬಳೇ ಆಗಿಬಿಟ್ಟಿದ್ದಾಳೆ."

ಟೇಲರ್ ಗಡಿಯಾರ ನೋಡಿದ. ಮಿಲ್ಲಿನ ಹೊಸ ಬಟ್ಟೆ ಮಳಿಗೆ ತೆರೆಯಲು ಆ ವಿನ್ಯಾಸಕಿಯೇ ಇವತ್ತು ಹನ್ನೊಂದಕ್ಕೆ ಬರುವವರಿದ್ದರು. ಅವರನ್ನು ಬರಮಾಡಿಕೊಳ್ಳುವವರು ಮಿಲ್ಲಮ್ಮ, ಅದೂ ಈ ಕೋಟಿನಲ್ಲಿ. ಟೇಲರನ ಅಂಗಡಿಯ ಕೋಣೆ ಮಿಲ್ಲಿನದು. ಹಿಂದೊಬ್ಬ ಟೇಲರ್ ಒಂದು ಗುಂಡಿಯನ್ನು ತಪ್ಪಾಗಿ ಹೊಲಿದನೆಂದು ಮಿಲ್ಲಮ್ಮ ಅವನಿಂದ ಸಂಜೆಯೊಳಗೆ ಅಂಗಡಿ ಖಾಲಿ ಮಾಡಿಸಿದ್ದರು. ಇಲ್ಲಿ ಇಡೀ ತೋಳೇ ತಪ್ಪಿತ್ತು.

"ಏ ಇವಳೇ!" ಎಂದು ಹೆಂಡತಿಯನ್ನು ಕೂಗಿದ. "ಗೋಡೆಗೆ ತೂಗಿದ ಈ ಹನ್ನೊಂದರದ್ದೂ ಉಬ್ಬು ಕತ್ತರಿಸಿ ಎರಡೂ ಕಡೆ ಬಿಗಿ ಮಾಡಿಬಿಡು. ಸಾದಾ ಕೋಟು ಅಂತಾನಾದ್ರೂ ಅನ್ನಿಸಿಕೊಳ್ಳಲಿ!"

ಮಿಲ್ಲಮ್ಮನ ತೋಳಿನ ಉಬ್ಬನ್ನು ಸೂಜಿಯಲ್ಲಾದರೂ ಅಡಗಿಸೋಣವೆಂದು ಹಿಡಿ ಗುಂಡುಸೂಜಿ ಜೇಬಿಗೆ ಸುರಿದುಕೊಂಡು ಅವನು ಬೀದಿಗೆ ಬಿದ್ದ. ಎದುರಾದ ಇಸ್ತ್ರಿಯವನು ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡ.

"ಯಾಕಣ್ಣ ಹಿಂಗೆ ನಡುಗ್ತೀಯ? ಸೈಕಲ್ಲೂ ನಡುಗ್ತಾ ಇದೆ!"

"ಮಾತು ಬೇಡ, ತುಳಿ!"

ತಿರುವಿನಲ್ಲಿ ಚೈನು ಕಳಚಿತು. ಕೈಯೆಲ್ಲ ಗ್ರೀಸು ಮಾಡಿಕೊಂಡು ಅದನ್ನು ಕೂರಿಸುವಷ್ಟರಲ್ಲಿ ಹನ್ನೊಂದಕ್ಕೆ ಐದೇ ನಿಮಿಷ. ಮಳಿಗೆಯಲ್ಲಿ ಮಿಲ್ಲಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಉಬ್ಬಿದ ತೋಳು ಪಕ್ಕದವರ ಕಿವಿ ಮುಟ್ಟುತ್ತಿತ್ತು. ಟೇಲರ್ ಬಗ್ಗಿ, ತೆವಳಿ, ಅವರ ಕುರ್ಚಿಯ ಹಿಂದೆ ಸೇರಿಕೊಂಡ. ಉಬ್ಬನ್ನು ಮೆಲ್ಲಗೆ ಒತ್ತಿ ಒಂದು ಗುಂಡುಸೂಜಿ ಚುಚ್ಚಿದ. ಮಿಲ್ಲಮ್ಮ ನೊಣವೆಂದುಕೊಂಡು ಪಟ್ಟನೆ ಹೊಡೆದರು. ಏಟು ಅವನ ಕೈಮೇಲೆ, ಸೂಜಿ ಅವನ ಹೆಬ್ಬೆರಳಿಗೆ. ಕೂಗಿದರೆ ಅಂಗಡಿ ಹೋಯಿತು. ಅವನು ತುಟಿ ಕಚ್ಚಿ ಹಿಡಿದ.

ಅಷ್ಟರಲ್ಲಿ ವಿನ್ಯಾಸಕಿ ಒಳಗೆ ಬಂದೇಬಿಟ್ಟರು. ಮಿಲ್ಲಮ್ಮನ ಕೈಕುಲುಕಲೆಂದು ಕೈಚಾಚಿದವರು ಹಾಗೇ ನಿಂತರು. ಕಣ್ಣು ಒಂದು ತೋಳಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಇಲ್ಲಿಗೆ. ಟೇಲರ್ ಕುರ್ಚಿಯ ಹಿಂದೆ ಇನ್ನಷ್ಟು ಮುದುಡಿ ಕೂತ.

"ಈ ಕೋಟು ಹೊಲಿದವರು ಯಾರು?"

"ಇವನೇ ಮೇಡಂ!" ಬಾಗಿಲಲ್ಲಿ ಇಣುಕುತ್ತಿದ್ದ ಇಸ್ತ್ರಿಯವನು ಉಪಕಾರ ಮಾಡುವವನಂತೆ ಕೂಗಿದ. "ಅಲ್ಲೇ ಕುರ್ಚಿ ಹಿಂದೆ ಕೂತಿದ್ದಾನೆ!"

ಟೇಲರ್ ಗ್ರೀಸು ಮೆತ್ತಿದ ಕೈಮುಗಿದು ಎದ್ದ. ಮಿಲ್ಲಮ್ಮನ ಹುಬ್ಬು ಗಂಟಿಕ್ಕಿತು.

"ಇದು ಯಾರ ಯೋಚನೆ?" ಎಂದರು ವಿನ್ಯಾಸಕಿ.

"ಅರ್ಧ ನಿಮ್ಮದೇ ಅಮ್ಮ," ಎಂದ ಅವನು. "ಇನ್ನರ್ಧ... ಒಲೆ ಮುಂದೆ ಹೊಳೆದದ್ದು."

ವಿನ್ಯಾಸಕಿ ಜೋರಾಗಿ ನಕ್ಕರು. "ಎಷ್ಟೋ ವರ್ಷದಿಂದ ಎರಡೂ ತೋಳು ಉಬ್ಬಿಸಿ ಉಬ್ಬಿಸಿ ನನಗೇ ಸಾಕಾಗಿತ್ತು ಕಣ್ರೀ. ಮುಂದೆ ಏನು ಅಂತ ನಿದ್ದೆ ಇರಲಿಲ್ಲ. ಇದೇ ಮುಂದಿನದು! ಇಂಥ ಕೋಟು ಇನ್ನೂ ಇವೆಯಾ?"

"ಹನ್ನೊಂದಿವೆ!" ಮಿಲ್ಲಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. "ಎಲ್ಲಾ ನಮ್ಮ ಸಂಘದವರದ್ದೇ."

"ನಾಲ್ಕು ಗಂಟೆಗೆ ಎಲ್ಲರೂ ಹಾಕ್ಕೊಂಡು ಬರಲಿ. ಪತ್ರಿಕೆಗೆ ಫೋಟೋ ತೆಗೆಸೋಣ."

ಮಿಲ್ಲಮ್ಮ ಟೇಲರನ ಕಡೆ ತಿರುಗಿದರು. "ಕೇಳಿಸ್ತಲ್ಲ? ನಾಲ್ಕಕ್ಕೆ ಹನ್ನೊಂದೂ ಇಲ್ಲಿರಬೇಕು. ಒಂದು ಕಮ್ಮಿಯಾದ್ರೂ ಅಂಗಡಿ ಕೀಲಿಕೈ ತಂದು ನನ್ನ ಕೈಗೆ ಕೊಟ್ಬಿಡು."

ಬದುಕಿದೆಯಾ ಬಡಜೀವವೇ ಎಂದು ಅವನು ಎರಡು ಹೆಜ್ಜೆ ಹಾಕಿದ. ಮೂರನೆಯ ಹೆಜ್ಜೆಗೆ ನೆನಪಾಯಿತು. ಅಲ್ಲಿಂದ ಓಡಿದವನು ಅಂಗಡಿಯ ಹೊಸಿಲಲ್ಲೇ ನಿಂತದ್ದು.

ಕ್ಷೌರದವನ ಹೆಂಡತಿ, ಇಸ್ತ್ರಿಯವನ ತಾಯಿ, ಎದುರುಮನೆಯ ಅತ್ತೆ ಸೊಸೆ, ಎಲ್ಲರ ಕೈಯಲ್ಲೂ ಕತ್ತರಿ. ಗೋಡೆಯುದ್ದಕ್ಕೂ ಹನ್ನೊಂದು ಕೋಟು, ಇಪ್ಪತ್ತೆರಡು ಬಿಗಿ ತೋಳು.

"ಬೀದಿಯವರೆಲ್ಲ ಕೈಹಾಕಿದ್ರು ನೋಡಿ," ಹೆಂಡತಿಯ ಮುಖ ಹೆಮ್ಮೆಯಿಂದ ಅರಳಿತ್ತು. "ಒಂದನ್ನೂ ಬಿಟ್ಟಿಲ್ಲ."

"ಕತ್ತರಿಸಿದ ಬಟ್ಟೆ ಎಲ್ಲೇ?"

"ಯಾರ ಕಣ್ಣಿಗಾದ್ರೂ ಬಿದ್ದೀತು ಅಂತ ಚೂರು ಚೂರು ಮಾಡಿ ದಿಂಬಿಗೆ ತುಂಬಿದೆ. ಬೆವತುಹೋಗಿದ್ದೀರಲ್ಲ, ಬನ್ನಿ, ಸ್ವಲ್ಪ ಒರಗಿಕೊಳ್ಳಿ. ಎಷ್ಟು ಮೆತ್ತಗಿದೆ ನೋಡಿ."