ಪಿಚರ್ ಲತೇಶನಿಗೆ ಎಕ್ಸಿಟ್ ಪರ್ಮಿಟ್ ಕೋರಿ

ದಿನಾಂಕ: 18-6-2007

ಇಂದ,
ಲತೇಶ್, ಬಿ.ಕಾಂ.,
ಸ್ಟೋರ್ ಕೀಪರ್ (ಕಾಗದದಲ್ಲಿ), ಬೇಸ್‌ಬಾಲ್ ಪಿಚರ್ (ಮೈದಾನದಲ್ಲಿ),
ರೂಮ್ ನಂ. 14, ಸ್ಟಾಫ್ ಕ್ಯಾಂಪ್, ಅಲ್ ಖೋರ್.
(ಅರ್ಜಿದಾರನ ಬಲಗೈ ಪ್ಲಾಸ್ಟರಿನಲ್ಲಿರುವ ಕಾರಣ ಬರೆದುಕೊಟ್ಟವನು ಅದೇ ರೂಮಿನ ಮುದ್ದುಕೃಷ್ಣ, ಟೈಮ್ ಕೀಪರ್.)

ಗೆ,
ಮಾನ್ಯ ಸೈಮನ್ ಸಾಹೇಬರು,
ಜನರಲ್ ಮ್ಯಾನೇಜರ್ ಹಾಗೂ ಕಂಪನಿ ಬೇಸ್‌ಬಾಲ್ ತಂಡದ ಯಜಮಾನರು.

ವಿಷಯ: ಮದುವೆಯಾಗುವ ಸಲುವಾಗಿ ಊರಿಗೆ ಹೋಗಲು ಅನುಮತಿ ಕೋರಿ.
ಉಲ್ಲೇಖ: 1. ಇದೇ ವಿಷಯವಾಗಿ ಇಂಗ್ಲಿಷಿನಲ್ಲಿ ಕೊಟ್ಟ ನಾಲ್ಕು ಅರ್ಜಿಗಳು. 2. ಅವುಗಳಿಗೆ ಬಾರದ ನಾಲ್ಕು ಉತ್ತರಗಳು.

ಮಾನ್ಯರೇ,

ಈ ಅರ್ಜಿ ಕನ್ನಡದಲ್ಲೇಕಿದೆ ಎಂದು ತಾವು ಕೇಳಲಾರಿರಿ, ಏಕೆಂದರೆ ತಾವು ಓದುವುದಿಲ್ಲ. ಆದರೂ ಕ್ರಮಕ್ಕಾಗಿ ತಿಳಿಸುವುದೇನೆಂದರೆ, ಎಚ್.ಆರ್. ವಿಭಾಗದ ಆಂಟನಿಯವರು “ಇಂಗ್ಲಿಷಲ್ಲಿ ನಾಲ್ಕು ಕೊಟ್ಟೆಯಲ್ಲ, ಓದಿದ್ರಾ? ಇನ್ನು ಯಾವ ಭಾಷೆಯಲ್ಲಿ ಬರೆದ್ರೂ ಅಷ್ಟೇ ಮಾರಾಯ” ಎಂದು ಮೌಖಿಕ ಆದೇಶ ನೀಡಿರುತ್ತಾರೆ. ಮುದ್ದುಕೃಷ್ಣನು ನಂಜನಗೂಡಿನ ತಾಲ್ಲೂಕು ಕಚೇರಿಯ ಮುಂದೆ ಕೂತು ಹನ್ನೊಂದು ವರ್ಷ ಅರ್ಜಿ ಬರೆದವನು. ಅಲ್ಲಿಯೂ ಯಾರೂ ಓದುತ್ತಿರಲಿಲ್ಲ. ಆದ್ದರಿಂದ ಅನುಭವವಿದೆ.

1. ಅರ್ಜಿದಾರ ಲತೇಶನು ಹಳೆಯಂಗಡಿಯವನು. ಊರಿನ ಕ್ರಿಕೆಟ್ ಟೂರ್ನಮೆಂಟುಗಳಲ್ಲಿ “ಇದು ಬೌಲಿಂಗಾ? ಮೊಣಕೈ ಮಡಚಿ ಮಾವಿನಕಾಯಿಗೆ ಕಲ್ಲು ಬಿಸಾಡಿದ ಹಾಗೆ ಬಿಸಾಡ್ತಾನೆ” ಎಂದು ಅಂಪೈರುಗಳು ಇವನನ್ನು ಮೂರು ಸಲ ಹೊರಗೆ ಹಾಕಿದ್ದರು. ಅದೇ ಮೊಣಕೈಗೆ ಮರುಳಾದವರು ಜಗತ್ತಿನಲ್ಲಿ ತಾವೊಬ್ಬರೇ. 2004ರ ಒಂದು ಶುಕ್ರವಾರ ತಮ್ಮ ಚೆಂಡು ಬೇಲಿ ಹಾರಿ ಸ್ಟೋರಿನ ಅಂಗಳಕ್ಕೆ ಬಿತ್ತು. ರಜಾದಿನದ ಓವರ್‌ಟೈಮಿನಲ್ಲಿದ್ದ ಇವನು ಪೈಪು ಎಣಿಸುವುದನ್ನು ಬಿಟ್ಟು ಅದನ್ನೆತ್ತಿ ಬೀಸಿ ಒಗೆದ. ಅದು ತಮ್ಮ ಗ್ಲೌಸಿಗೆ ಬಡಿದ ರಭಸಕ್ಕೆ ತಾವು ಧೊಪ್ಪನೆ ನೆಲಕ್ಕೆ ಕೂತಿರಿ. ಅಯ್ಯೋ ದೇವರೇ, ಕೆಲಸ ಹೋಯಿತು ಎಂದುಕೊಂಡ ಪಾಪ. ಹೋಗಿದ್ದರೆ ಎಷ್ಟು ಚೆನ್ನಾಗಿತ್ತು!

2. ಮರುದಿನದಿಂದಲೇ ಲತೇಶನು “ವಿಶೇಷ ಕರ್ತವ್ಯ”ದ ಮೇಲೆ ಪಿಚರ್ ಆದ. ಈ ಅರ್ಜಿಯನ್ನು ಅಪ್ಪಿತಪ್ಪಿ ಓದುವವರಿದ್ದರೆ ಅವರ ತಿಳಿವಳಿಕೆಗಾಗಿ: ಬ್ಯಾಟು ಹಿಡಿದು ನಿಂತವನ ಎದೆಗೂ ಮೊಣಕಾಲಿಗೂ ನಡುವೆ, ಪುಟ ಬೀಳಿಸದೆ ಚೆಂಡು ಒಗೆಯುವವನೇ ಪಿಚರ್. ಮೂರು ಸಲ ಹೊಡೆಯಲು ತಪ್ಪಿದ ಬ್ಯಾಟಿನವನು ಮನೆಗೆ. ಇವನ ದೆಸೆಯಿಂದ ಎರಡು ವರ್ಷದಲ್ಲಿ ಎಲ್ಲರೂ ಮನೆಗೆ ಹೋದರು, ಇವನೊಬ್ಬನನ್ನು ಬಿಟ್ಟು. ತಾವು ಬೆನ್ನು ತಟ್ಟಿ “ಇನ್ನು ನೀನು ಪ್ರೊಫೆಷನಲ್” ಎಂದಿರಿ. ರಾಸ್ ಲಫಾನಿನ ಸೈಟಿಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟು, ಮೆಸ್ಸಿನಲ್ಲಿ ಎರಡು ಮೊಟ್ಟೆ ಮಂಜೂರಾದವು. ಸಂಬಳ ಮಾತ್ರ ಪೈಪು ಎಣಿಸುವವನದೇ ಉಳಿಯಿತು.

3. ಹೀಗಿರುವಲ್ಲಿ 2005ರಲ್ಲಿ ಮೂಲ್ಕಿಯ ಟೀಚರ್ ಅಮಿತಾ ಎಂಬವಳೊಂದಿಗೆ, ಇವನು ಇಲ್ಲಿರುವಾಗಲೇ, ಊರಿನಲ್ಲಿ ಮನೆಯವರು ಇವನ ನಿಶ್ಚಿತಾರ್ಥ ನಡೆಸಿದರು. ಈ ಗಲ್ಫ್ ದೇಶದಲ್ಲಿ ಕೆಲಸಗಾರ ವಿಮಾನ ಹತ್ತಬೇಕಾದರೆ ಕಂಪನಿ ಒಪ್ಪಿ ಸಹಿ ಮಾಡಿದ ಎಕ್ಸಿಟ್ ಪರ್ಮಿಟ್ ಬೇಕು. ಟಿಕೆಟ್, ಪಾಸ್‌ಪೋರ್ಟ್, ವಧು ಎಲ್ಲ ತಯಾರಿದ್ದರೂ ಸಹಿ ಇಲ್ಲವೆಂದರೆ, ಇಲ್ಲಿನ ಅರಬ್ಬಿಯಲ್ಲಿ ಹೇಳುವಂತೆ, ಊರು ಮಾಫಿ, ಅಂದರೆ ಇಲ್ಲ. 2006ರ ಮೇ ತಿಂಗಳ ಮುಹೂರ್ತಕ್ಕೆ ತಾವು “ಲೀಗ್ ನಡೆಯುತ್ತಿದೆ” ಎಂದಿರಿ. ಈ ವರ್ಷದ ಏಪ್ರಿಲ್ ಮುಹೂರ್ತಕ್ಕೆ “ನಮ್ಮ ತಂಡದ ಆಟ ಮುಗಿದ ದಿನವೇ ಸಹಿ” ಎಂದು ಮಾತು ಕೊಟ್ಟಿರಿ. ಅಂದರೆ ಸೆಮಿಫೈನಲ್ ಸೋತರೆ ಮದುವೆ, ಗೆದ್ದರೆ ಮುಹೂರ್ತ ದಾಟಿ ಫೈನಲ್.

4. ಇಲ್ಲಿ ಅರ್ಜಿದಾರನ ಸ್ವಂತ ತಪ್ಪೊಂದಿದೆ, ಮುಚ್ಚಿಡುವುದಿಲ್ಲ. ರೂಮಿನವರೆಲ್ಲ ಸೇರಿ “ಸೋತುಬಿಡು ಮಾರಾಯ. ನಾಲ್ಕು ಬಾಲ್ ಆಚೆ ಈಚೆ ಬಿಸಾಡು, ಖಲಾಸ್” ಎಂದು ಬುದ್ಧಿ ಹೇಳಿದ್ದರು. ಇವನು ತಲೆಯಾಡಿಸಿದ್ದ. ಮೈದಾನದಲ್ಲಿ ಮೊದಲ ಎರಡು ಚೆಂಡನ್ನು ಬೇಕೆಂದೇ ಆಚೆ ಎಸೆದ ಕೂಡ. ಅಷ್ಟಕ್ಕೆ ಎದುರು ನಿಂತವನು ಹಲ್ಲು ಕಿರಿದು ನಕ್ಕ. ಮುಗಿಯಿತು! ಹಳೆಯಂಗಡಿಯ ರಕ್ತಕ್ಕೆ ಮುಹೂರ್ತವೂ ನೆನಪಿಲ್ಲ, ಅಮಿತಾಳೂ ನೆನಪಿಲ್ಲ. ನಕ್ಕವನನ್ನೂ ಅವನ ಹಿಂದೆ ಬಂದವರನ್ನೂ ಒಬ್ಬೊಬ್ಬರಾಗಿ ಅಟ್ಟಿದ. ಪಂದ್ಯ ಗೆದ್ದು ಮದುವೆ ಕಳೆದುಕೊಂಡ ಇಂಥ ಪೆದ್ದನನ್ನು ಮುದ್ದುಕೃಷ್ಣ ನಂಜನಗೂಡಿನಲ್ಲೂ ಕಂಡಿಲ್ಲ.

ಅಂದು ಸಂಜೆ ಬಂದ ಅಮಿತಾಳ ಫೋನನ್ನು ಪಕ್ಕದ ಮಂಚದಲ್ಲಿದ್ದ ಮುದ್ದುಕೃಷ್ಣ ಕೇಳಿರುತ್ತಾನೆ.

“ಬೇಕಂತ ಸೋಲ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ?”

“ಕೈಗೆ ಬಾಲ್ ಬಂದ್ರೆ ಎಂತ ಮಾಡುದು, ಅಮಿತಾ?”

“ನನ್ನ ಕೈ ಹಿಡೀಲಿಕ್ಕೆ ಪುರ್ಸೊತ್ತಾದಾಗ ಹೇಳಿ.”

5. ಫೈನಲಿನ ದಿನ, ಗೆಲುವಿಗೆ ಇನ್ನೊಂದೇ ಚೆಂಡು ಬೇಕಿದ್ದಾಗ, ಲತೇಶನ ಮೊಣಕೈಯೊಳಗೆ ಏನೋ ಪಟಕ್ಕನೆ ಕಿತ್ತುಹೋಯಿತು. ಆ ಚೆಂಡನ್ನೂ ಎಸೆದೇ ಕೂತ. ಕಪ್ಪು ತಮ್ಮ ಟೇಬಲಿಗೆ ಹೋಯಿತು, ಇವನು ಆಪರೇಷನ್ ಟೇಬಲಿಗೆ ಹೋದ. ಆಸ್ಪತ್ರೆಯ ಬಿಲ್ಲು ಹಿಡಿದು ಹೋದರೆ ಆಂಟನಿಯವರು, “ಶುಕ್ರವಾರ ರಜೆ. ರಜೆಯಲ್ಲಿ ಆಡಿದ್ದು ಆಟ, ಡ್ಯೂಟಿ ಅಲ್ಲ” ಎಂದರು. ಹಾಗಾದರೆ ಊರಿಗೆ ಕಳುಹಿಸಿ ಎಂದರೆ, “ನೀನು ವಿಶೇಷ ಕರ್ತವ್ಯದಲ್ಲಿದ್ದಿ, ಹೇಗೆ ಬಿಡುದು?” ಎಂದರು. ಅಂದರೆ, ಕೈ ಮುರಿಯುವಾಗ ಆಟ, ಮದುವೆ ಕೇಳುವಾಗ ಡ್ಯೂಟಿ. ಕೊನೆಗೆ ತಾವೇ ದಯಮಾಡಿಸಿ, ಪ್ಲಾಸ್ಟರಿನ ಮೇಲೆ ಹಸ್ತಾಕ್ಷರ ಹಾಕಿ, “ಎಡಗೈ ಇದೆಯಲ್ಲ, ಸೆಪ್ಟೆಂಬರಿನ ಲೀಗಿನೊಳಗೆ ಅಭ್ಯಾಸ ಮಾಡಿಕೋ” ಎಂದು ಧೈರ್ಯ ತುಂಬಿದಿರಿ. ಪ್ಲಾಸ್ಟರಿನ ಮೇಲೆ ಬೀಳುವ ಸಹಿ ಪರ್ಮಿಟ್ಟಿನ ಮೇಲೆ ಏಕೆ ಬೀಳುವುದಿಲ್ಲವೆಂಬುದು ನಮಗೆ ತಿಳಿಯದು.

6. ಕಳೆದ ವಾರ ಅಮಿತಾಳ ತಾಯಿ ಪೂವಕ್ಕನವರು ಫೋನಿನಲ್ಲಿ, “ಎರಡು ಸಲ ಹಾಲ್ ಬುಕ್ ಮಾಡಿ ಮಾನ ಹೋಯ್ತು. ಇನ್ನು ದಿನ ನಾವು ಇಡುದಿಲ್ಲ, ನಿಮ್ಮ ಸಾಹೇಬ್ರೇ ಇಡ್ಲಿ. ಆಟಿ ಹಿಡಿಯುವ ಮೊದಲು ಬಂದ್ರೆ ಹುಡುಗಿ ನಿಮ್ಗೆ. ಇಲ್ಲದಿದ್ರೆ ನಾವು ಬೇರೆ ನೋಡ್ತೇವೆ” ಎಂದಿರುತ್ತಾರೆ. ಆಟಿ ಎಂದರೆ ಜುಲೈ ನಡುವಿನಿಂದ ಹಿಡಿಯುವ ತುಳುವರ ತಿಂಗಳು, ಅದರಲ್ಲಿ ಮದುವೆಯಿಲ್ಲ. ಇನ್ನು ನಾಲ್ಕು ವಾರ ಉಳಿದಿದೆ. ಫೋನಿಟ್ಟ ಮೇಲೆ ಲತೇಶನು ಗೋಡೆಗೆ ಮುಖ ಮಾಡಿ ಅತ್ತಿರುತ್ತಾನೆ. ಎರಡು ಮೊಟ್ಟೆ ತಿಂದು ಬೆಳೆದ ಆಳು ಹಾಗೆ ಅಳುವುದನ್ನು ನೋಡಲಾಗುವುದಿಲ್ಲ, ಮಾನ್ಯರೇ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಲೂ, ಅವು ಸಾಲದಿದ್ದಲ್ಲಿ ತಮಗೆ ತೋಚಿದ ಕಾರಣಗಳಿಂದಲೂ ಪ್ರಾರ್ಥಿಸುವುದೇನೆಂದರೆ: ತಮಗೆ ಬೇಕಾದದ್ದು ಬಲಗೈ. ಅದನ್ನು ಕಂಪನಿಯೇ ಇಟ್ಟುಕೊಳ್ಳಲಿ. ಅದಕ್ಕೆ ಅಂಟಿಕೊಂಡಿರುವ ಉಳಿದ ಮನುಷ್ಯನನ್ನು ಮಾತ್ರ ಊರಿಗೆ ಕಳುಹಿಸಿಕೊಡಬೇಕು. ಕರಿಮಣಿಯ ಒಂದು ತುದಿಯನ್ನು ಎಡಗೈಯಲ್ಲಿ ಹಿಡಿದು ನಿಂತರೆ ಸಾಕು, ಗಂಟನ್ನು ತಾನೇ ಹಾಕಿಕೊಳ್ಳುತ್ತೇನೆಂದು ಅಮಿತಾ ನಿನ್ನೆ ಅಮ್ಮನಿಗೆ ಗೊತ್ತಾಗದಂತೆ ಫೋನ್ ಮಾಡಿ ಒಪ್ಪಿರುತ್ತಾಳೆ.

ಇಷ್ಟಾದರೂ ತಮ್ಮಲ್ಲಿ ವಿಶ್ವಾಸ ಬಿಡದಿರುವ,
ತಮ್ಮ ವಿಶ್ವಾಸಿ,
(ಲತೇಶ್, ಬಿ.ಕಾಂ., ಇವನ ಎಡಗೈ ಹೆಬ್ಬೆಟ್ಟಿನ ಗುರುತು)

ಬಿಕ್ಕಲಂ (ಬರೆದವನು): ಮುದ್ದುಕೃಷ್ಣ

ಲಗತ್ತುಗಳು:
1. ಮೊಣಕೈಯ ಎಕ್ಸ್‌ರೇ.
2. ತಂಡದ ಫೋಟೋ (ಕಪ್ಪು ಹಿಡಿದವರು ತಾವು, ಕೈ ಹಿಡಿದುಕೊಂಡವನು ಅರ್ಜಿದಾರ).
3. ಅಚ್ಚಾದ ಮದುವೆಯ ಕರೆಯೋಲೆ, ಒಂದು ಪ್ರತಿ. ದಿನಾಂಕದ ಜಾಗ ಖಾಲಿ ಬಿಡಲಾಗಿದೆ. ಆಟಿಗೆ ಮೊದಲಿನ ಯಾವುದಾದರೊಂದು ದಿನವನ್ನು ಮಾನ್ಯರೇ ತುಂಬಿ, ಸಹಿ ಮಾಡಿ, ಮೊಹರು ಹಾಕಿ ಹಿಂದಿರುಗಿಸಬೇಕಾಗಿ ವಿನಂತಿ.