ಮೊದಲನೇ ಫ್ರೇಮಿನ ನಿವಾಸಿಗಳು

ಮಿನೋಸೆ ಪಟ್ಟಣಕ್ಕೆ ಪ್ರವಾಹ ಬಂದಾಗ ನೀರು ಮೊಟ್ಟಮೊದಲು ಗುಡ್ಡದ ತುದಿಯಲ್ಲಿರುವ ಸ್ಮಶಾನಕ್ಕೆ ನುಗ್ಗುತ್ತದೆ. ಅಲ್ಲಿಂದ ನಿಧಾನವಾಗಿ ಇಳಿದು, ಎಲ್ಲಕ್ಕಿಂತ ಕೊನೆಗೆ ನದಿಯ ದಂಡೆಯನ್ನು ತಲುಪುತ್ತದೆ. ಇದು ಪುರಸಭೆ ಸರ್ವಾನುಮತದಿಂದ ಅಂಗೀಕರಿಸಿದ ಸಂಗತಿ. ವಿಪತ್ತು ನಿರ್ವಹಣಾ ವಿಭಾಗದಲ್ಲಿ ಪ್ರಕಟಣೆ ಬರೆಯುವ ಕೆಲಸ ನನ್ನದಾದ್ದರಿಂದ ಇದನ್ನು ಲೋಕಕ್ಕೆ ತಿಳಿಸಿದವನೂ ನಾನೇ.

ಮೊದಲು ಹೀಗಿರಲಿಲ್ಲ. ವಿಶ್ವವಿದ್ಯಾಲಯದಿಂದ ನಮ್ಮ ವಿಭಾಗಕ್ಕೆ ಬಂದ ಶಿಗಾಕಿ ಎಂಬ ಹುಡುಗಿ ಮಳೆಯ ಅಳತೆ, ನೆಲದ ಎತ್ತರ, ನದಿಯ ಮಟ್ಟ ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ ಚಲಿಸುವ ನಕ್ಷೆಯೊಂದನ್ನು ತಯಾರಿಸಿದಳು. ಒಂದೊಂದು ಫ್ರೇಮಿನಲ್ಲೂ ಆಗ ಹೊಸದಾಗಿ ನೀರು ಬರುವ ಜಾಗ ನೀಲಿಯಾಗುತ್ತಿತ್ತು. ಫ್ರೇಮುಗಳನ್ನು ಒಂದರ ಹಿಂದೆ ಒಂದು ಓಡಿಸಿದರೆ ಊರು ಯಾವ ಕ್ರಮದಲ್ಲಿ ಮುಳುಗುತ್ತದೆ ಎಂಬುದು ಎಂಥವರಿಗೂ ತಿಳಿಯುತ್ತಿತ್ತು. ನಮ್ಮ ವಿಭಾಗಾಧಿಕಾರಿ ತೋಮಿಯಾಸು ಅವರು ಇದಕ್ಕೊಂದು ನಿಯಮ ಜೋಡಿಸಿದರು: ನಕ್ಷೆಯಲ್ಲಿ ಯಾವ ಜಾಗ ನೀಲಿಯಾಗುವುದೋ ಆ ಜಾಗಕ್ಕೆ ಜನರನ್ನು ಸಾಗಿಸುವ ಬಸ್ಸು ಹೋಗತಕ್ಕದ್ದು. ಪಟ್ಟಣಕ್ಕಿರುವುದು ಒಂದೇ ಬಸ್ಸು. ಆದ್ದರಿಂದ ನಿಯಮ ಚೆನ್ನಾಗಿಯೇ ಇತ್ತು.

ತಕರಾರು ಶುರುವಾದದ್ದು ಮೊದಲನೇ ಫ್ರೇಮಿನಲ್ಲಿ. ಅಲ್ಲಿ ನೀಲಿಯಾಗುತ್ತಿದ್ದವು ಎರಡು: ನದಿಯ ತಿರುವಿನಲ್ಲಿ ಓಬಾಟಾ ಸೆನ್ಸೇ, ಅಂದರೆ ಓಬಾಟಾ ಟೀಚರ್, ನಡೆಸುವ ಶಿಶುವಿಹಾರ, ಅದರ ಪಕ್ಕದಲ್ಲೇ ಇರುವ ಕುರಮೋಚಿ ಅವರ ಬಿಸಿನೀರ ಬುಗ್ಗೆಯ ವಸತಿಗೃಹ. ಮಾರನೆಯ ದಿನವೇ ಕುರಮೋಚಿ ಕೆಂಪು ಕಾಳಿನ ಸಿಹಿ ಹೂರಣ ತುಂಬಿದ ಬನ್ನುಗಳ ಡಬ್ಬಿ ಹಿಡಿದು ಕಚೇರಿಗೆ ಬಂದರು.

"ತೋಮಿಯಾಸು ಸಾನ್, ನಮ್ಮಲ್ಲಿಗೆ ಜನ ಬರೋದೇ ನೀರಲ್ಲಿ ಮುಳುಗೋಕೆ, ಒಪ್ಪಿದೆ. ಆದ್ರೆ ದುಡ್ಡು ಕೊಟ್ಟು ಮುಳುಗ್ತಾರೆ. ನೀವು ಪುಕ್ಕಟೆ ಮುಳುಗಿಸ್ತಾ ಇದೀರಲ್ಲ!"

"ವಿಜ್ಞಾನ ಹಾಗೆ ಹೇಳುತ್ತೆ, ನಾವೇನು ಮಾಡೋಣ?"

"ವಿಜ್ಞಾನ ಸುಳ್ಳು ಅಂತ ನಾನೆಲ್ಲಿ ಅಂದೆ? ಸ್ವಲ್ಪ ತಡವಾಗಿ ಹೇಳ್ಲಿ ಅಂದೆ."

ಬೇಡಿಕೆ ನ್ಯಾಯವಾದದ್ದೆಂದು ಕಂಡುಬಂದದ್ದರಿಂದ ವಸತಿಗೃಹವನ್ನು ಕೊನೆಯ ಫ್ರೇಮಿಗೆ ಸಾಗಿಸಲಾಯಿತು. ಶಿಶುವಿಹಾರಕ್ಕೆ ಆ ತಗ್ಗಿನಲ್ಲಿ ಕಟ್ಟಡ ಕಟ್ಟಲು ಅನುಮತಿ ಕೊಟ್ಟದ್ದು ಪುರಸಭೆಯೇ ಎಂದು ಅಷ್ಟರಲ್ಲಿ ಯಾರಿಗೋ ನೆನಪಾಯಿತು. ಅದು ಮೊದಲಿಗೇ ಮುಳುಗಿದರೆ ಅನುಮತಿ ಕೊಟ್ಟವರಿಗೆ ಮುಜುಗರ. ಅದೂ ಹಿಂದಕ್ಕೆ ಹೋಯಿತು. ಆಮೇಲೆ ಬ್ಯಾಂಕಿನವರು ಬಂದರು, ಅಂಗಡಿ ಬೀದಿಯವರು ಬಂದರು. ಎಲ್ಲರ ಕೈಯಲ್ಲೂ ಒಂದೊಂದು ಡಬ್ಬಿ. ಆ ತಿಂಗಳು ವಿಭಾಗದಲ್ಲಿ ಯಾರೂ ಮನೆಯಿಂದ ಬುತ್ತಿ ತರಲಿಲ್ಲ.

ಕೊನೆಗೆ ಮೊದಲನೇ ಫ್ರೇಮು ಖಾಲಿ ಉಳಿಯಿತು. ನೀರು ಎಲ್ಲಿಂದಾದರೂ ಶುರುವಾಗಲೇಬೇಕಲ್ಲ? ಆಕ್ಷೇಪಣೆ ಇದ್ದವರು ತಿಳಿಸಬಹುದೆಂದು ಎಲ್ಲ ಬಡಾವಣೆಗಳಿಗೂ ಸೂಚನೆ ಹೋಯಿತು. ನಮ್ಮೂರಲ್ಲಿ ಯಾರೂ ಮುಖಕ್ಕೆ ಹೊಡೆದಂತೆ "ಆಗುವುದಿಲ್ಲ" ಎನ್ನುವುದಿಲ್ಲ. "ಅದು ಸ್ವಲ್ಪ ಕಷ್ಟ ನೋಡಿ" ಎಂದು ಹಲ್ಲಿನ ಸಂದಿಯಿಂದ ಉಸಿರೆಳೆಯುತ್ತಾರೆ. ಹಾಗೆ ಉಸಿರೆಳೆಯದೆ ಇದ್ದವರು ಸ್ಮಶಾನದವರು ಮಾತ್ರ. ಸಮಾಧಿಗಳ ಪಕ್ಕದಲ್ಲಿ ಭೇಟಿಗೆ ಬಂದವರು ತಮ್ಮ ಹೆಸರಿನ ಕಾರ್ಡು ಹಾಕಿ ಹೋಗಲೆಂದು ಕಲ್ಲಿನ ಪೆಟ್ಟಿಗೆಗಳಿರುತ್ತವೆ. ಸೂಚನೆಯ ಪ್ರತಿಗಳನ್ನು ನಾನೇ ಅವುಗಳಲ್ಲಿ ಹಾಕಿ, ಕೈಮುಗಿದು ಬಂದಿದ್ದೆ. ಅವಧಿ ಮುಗಿಯಿತು, ಆಕ್ಷೇಪಣೆ ಬರಲಿಲ್ಲ.

"ಸಾರ್, ನೀರು ಗುಡ್ಡ ಹತ್ತಲ್ಲ," ಎಂದಳು ಶಿಗಾಕಿ.

"ಶಿಗಾಕಿ ಸಾನ್, ನೀರು ಹತ್ತುತ್ತೋ ಬಿಡುತ್ತೋ ಅದು ನದಿಗೆ ಬಿಟ್ಟದ್ದು. ನದಿ ಪ್ರಾಂತ ಸರ್ಕಾರದ ಕೈಲಿದೆ. ಫ್ರೇಮು ನಮ್ಮ ಕೈಲಿದೆ."

"ಹಾಗಾದ್ರೆ ನನ್ನ ಅಂಕಿಅಂಶ?"

"ಒಂದು ಅಂಕಿಯನ್ನಾದ್ರೂ ಮುಟ್ಟಿದೀವಾ? ಸಾಲು ಬದಲಾಯ್ತು, ಒಂದು ಫ್ರೇಮು ಹೊಸದಾಗಿ ಸೇರ್ತು, ಅಷ್ಟೇ. ತಗೊಳ್ಳಿ, ಬನ್ನು ತಿನ್ನಿ."

ನಾನು ಬರೆದ ಪ್ರಕಟಣೆ ಹೀಗಿತ್ತು: "ಈ ಮೂಲಕ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಪ್ರವಾಹವು ಪರಿಷ್ಕೃತ ಕ್ರಮದಲ್ಲಿ ಸಂಭವಿಸುವುದು. ತಮ್ಮ ಫ್ರೇಮು ಬರುವ ಮೊದಲೇ ಒದ್ದೆಯಾಗುವವರಿಗೆ ವಿಭಾಗವು ಜವಾಬ್ದಾರಿಯಲ್ಲ."

ಅದನ್ನು ಓದಿ ಓಬಾಟಾ ಸೆನ್ಸೇ ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ.

"ನಮ್ಮನ್ನ ಮೊದಲೇ ಮುಳುಗಿಸಿ ಸಾರ್," ಎಂದರು. "ನೀಲಿ ಆದ್ರೆ ತಾನೇ ಬಸ್ಸು ಬರೋದು? ಅರ್ಧ ಮಕ್ಕಳಿಗೆ ಇನ್ನೂ ನಡೆಯೋಕೇ ಬರಲ್ಲ."

ಮೊದಲು ಮುಳುಗುತ್ತೇವೆ ಎಂದು ಕೇಳಿಕೊಂಡು ಬಂದವರು ಅವರೊಬ್ಬರೇ. ತೋಮಿಯಾಸು ಅವರಿಗೆ ಗಲಿಬಿಲಿಯಾಯಿತು. "ಸೆನ್ಸೇ, ನಿಮ್ಮದು ಊರಿಗೇ ಹೊಸ ಸಂಸ್ಥೆ. ದೊಡ್ಡವರೆಲ್ಲ ಇರೋವಾಗ ಚಿಕ್ಕವರು ಮೊದಲು ಎದ್ದು ಹೊರಡೋದು ಮರ್ಯಾದೆನಾ? ನಮ್ಮ ಕಚೇರೀಲೇ ನೋಡಿ, ನಾನು ಏಳೋ ತನಕ ಒಬ್ರೂ ಏಳಲ್ಲ."

ಅದು ನಿಜ. ನಾವು ಆಗಲೂ ಕೂತೇ ಇದ್ದೆವು.

"ಒಂದು ವರ್ಷದ ಮಗೂಗೆ ಮರ್ಯಾದೆ ಅರ್ಥ ಆಗೋ ಹೊತ್ತಿಗೆ ನೀರು ಕುತ್ತಿಗೆಗೆ ಬಂದಿರುತ್ತೆ," ಎಂದು ಸೆನ್ಸೇ ತಲೆಬಾಗಿ ನಮಸ್ಕರಿಸಿ ಹೋದರು. ನನಗೆ ನಿಜಕ್ಕೂ ಸಂಕಟವಾಯಿತು. ಆದರೆ ಪ್ರಕಟಣೆಯಲ್ಲಿ ಸಂಕಟಕ್ಕೆ ಜಾಗವಿಲ್ಲ.

ಮಳೆಗಾಲದ ಕೊನೆಯ ವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ನದಿ ಉಕ್ಕಿತು. ನಕ್ಷೆ ಚಾಲೂ ಆಯಿತು. ಮೊದಲನೇ ಫ್ರೇಮು ಮೂಡಿ ಸ್ಮಶಾನ ನೀಲಿಯಾಯಿತು. ಚಾಲಕ ಮುರೋಯಾ ಅಜ್ಜ ಬಸ್ಸನ್ನು ಗುಡ್ಡ ಹತ್ತಿಸಿ, ಸ್ಮಶಾನದ ಮುಂದೆ ನಿಲ್ಲಿಸಿ, ಬಾಗಿಲು ತೆರೆದು ಕಾಯತೊಡಗಿದರು. ಅಷ್ಟರಲ್ಲಿ ಶಿಶುವಿಹಾರದಿಂದ ಫೋನು ಬಂತು.

"ಸಾರ್, ಸೆನ್ಸೇ ಅವರ ಅಂಗಳಕ್ಕೆ ನೀರು ಬಂದಿದೆಯಂತೆ," ಎಂದೆ.

"ಈಗ ಯಾವ ಫ್ರೇಮು?"

"ಮೊದಲನೇದು."

"ಹಾಗಾದ್ರೆ ಬಂದಿಲ್ಲ."

"ಮೊಣಕಾಲುದ್ದ ಇದೆಯಂತೆ ಸಾರ್."

"ಅದು ಅನಧಿಕೃತ ನೀರು," ಎಂದರು ತೋಮಿಯಾಸು.

ಶಿಗಾಕಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ಸೆನ್ಸೇ, ಬಸ್ಸು ಮೇಲೆ ಸ್ಮಶಾನದ ಹತ್ರ ಇದೆ. ಹಿಂದಿನ ದಾರೀಲಿ ಹತ್ತಿಬಿಡಿ. ನೀವು ಬರೋ ತನಕ ಅದು ಕದಲಲ್ಲ, ನಾನು ನೋಡ್ಕೋತೀನಿ." ಆಮೇಲೆ ಒಂದು ಗುಂಡಿ ಒತ್ತಿದಳು. ಮೊದಲನೇ ಫ್ರೇಮು ಪರದೆಯ ಮೇಲೆ ಹಾಗೇ ನಿಂತುಬಿಟ್ಟಿತು.

"ಯಾಕೆ ಮುಂದಕ್ಕೆ ಹೋಗ್ತಿಲ್ಲ?" ಎಂದರು ತೋಮಿಯಾಸು.

"ಕಂಪ್ಯೂಟರ್ ಇವತ್ತು ಸ್ವಲ್ಪ ನಿಧಾನ ಸಾರ್."

ನಮ್ಮ ಶಿಶುವಿಹಾರಗಳಲ್ಲಿ ಪುಟ್ಟ ಮಕ್ಕಳನ್ನು ಸುತ್ತಾಡಿಸಲು ಕಟಕಟೆ ಇರುವ ತಳ್ಳುಗಾಡಿಗಳಿರುತ್ತವೆ. ಮಕ್ಕಳು ಕಂಬಿ ಹಿಡಿದು ಒಳಗೆ ನಿಲ್ಲುತ್ತಾರೆ. ಓಬಾಟಾ ಸೆನ್ಸೇ ಮತ್ತು ಅವರ ಸಹಾಯಕಿಯರು ಆ ಗಾಡಿಗಳನ್ನು ಮಳೆಯಲ್ಲಿ ಗುಡ್ಡದ ಮೇಲಕ್ಕೆ ತಳ್ಳಿದರು. ಮುಂದಿನದನ್ನು ನನಗೆ ಹೇಳಿದವರು ಮುರೋಯಾ ಅಜ್ಜ.

"ಅಜ್ಜ, ಮಕ್ಕಳನ್ನ ಹತ್ತಿಸ್ಲಾ?"

"ಇದು ಸ್ಮಶಾನದವರ ಬಸ್ಸು ಸೆನ್ಸೇ."

"ಅವರು ಬಂದ್ರಾ?"

"ಇನ್ನೂ ಯಾರೂ ಬಂದಿಲ್ಲ. ಕಾಯ್ತಾ ಇದೀನಿ."

ಸೆನ್ಸೇ ಒಂದು ಮಗುವನ್ನು ಎತ್ತಿಕೊಂಡರು. "ಇವನ ಮುತ್ತಜ್ಜ ಆ ಕಲ್ಲಿನಡಿ ಇದಾರೆ. ಆ ಹುಡುಗಿಯ ಅಜ್ಜಿ ಈ ಕಡೆ. ನಿಮ್ಮ ಮನೆಯವರೂ ಇಲ್ಲೇ ತಾನೇ ಇರೋದು? ಅವರಿಗೆ ಬರೋಕಾಗಲ್ಲ ಅಜ್ಜ. ತಮ್ಮ ಬದಲು ಮಕ್ಕಳನ್ನ ಕಳಿಸಿದಾರೆ ಅಂದ್ಕೊಳ್ಳಿ."

ಅಜ್ಜ ಟೋಪಿ ತೆಗೆದು ಕಲ್ಲುಗಳ ಕಡೆ ನೋಡಿದರಂತೆ. "ಅವಳು ಹಾಗೆ ಮಾಡೋಳೇ," ಎಂದರಂತೆ. "ಹತ್ತಿಸಿ. ಕೆಸರಾದ್ರೆ ಆಗ್ಲಿ."

ನೀರು ಶಿಶುವಿಹಾರದ ಕಿಟಕಿಯವರೆಗೆ ಏರಿತು. ಮಕ್ಕಳು ಮಧ್ಯಾಹ್ನ ಮಲಗುವ ಹಾಸಿಗೆಗಳು ತೇಲಿಕೊಂಡು ಹೊರಟುಹೋದವು. ಕುರಮೋಚಿ ಅವರು ಸೊಂಟದವರೆಗಿನ ನೀರಿನಲ್ಲಿ ನಿಂತು, ತಮ್ಮ ವಸತಿಗೃಹ ಕೊನೆಯ ಫ್ರೇಮಿನವರೆಗೆ ಒಣಗಿಯೇ ಇರುವುದೆಂದು ಅತಿಥಿಗಳಿಗೆ ಭರವಸೆ ಕೊಡುತ್ತಿದ್ದರು. ಅತಿಥಿಗಳು ಆಗಲೇ ಅವರವರ ಕಾರು ಹತ್ತಿ ಹೋಗಿದ್ದರು.

ವರದಿ ನಾನೇ ಬರೆದೆ: "ಮೊದಲನೇ ಫ್ರೇಮಿನ ನಿವಾಸಿಗಳೆಲ್ಲ ಸುರಕ್ಷಿತ. ಪರಿಷ್ಕೃತ ಕ್ರಮ ಸಂಪೂರ್ಣ ಯಶಸ್ವಿ." ತೋಮಿಯಾಸು ಅವರು ಮುದ್ರೆ ಒತ್ತುವ ಮುನ್ನ ಒಮ್ಮೆ ತಡೆದರು.

"ಸ್ಮಶಾನದಿಂದ ಬಂದವರು ಆಶ್ರಯ ಕೇಂದ್ರದಲ್ಲಿ ಹಾಲು, ಬಿಸ್ಕತ್ತು, ಡೈಪರು ಬಳಸಿದ್ರು ಅಂತಿದೆಯಲ್ಲ?"

"ತುಂಬಾ ವಯಸ್ಸಾದವರು ಸಾರ್. ಆಮೇಲಾಮೇಲೆ ಮಕ್ಕಳ ಥರಾನೇ."

"ಅದೂ ನಿಜ," ಎಂದು ಮುದ್ರೆ ಒತ್ತಿದರು. ಪ್ರಾಂತ ಸರ್ಕಾರದಿಂದ ಪ್ರಶಂಸಾಪತ್ರ ಬಂತು. ಅಕ್ಕಪಕ್ಕದ ಪಟ್ಟಣಗಳವರು ನೋಡಿ ಕಲಿಯಲು ಬಂದರು; ಈಗ ಅವರಲ್ಲೂ ನೀರು ಬೆಟ್ಟದ ಮೇಲಿಂದಲೇ ಶುರುವಾಗುತ್ತದೆ.

ಆಮೇಲೆ ಓಬಾಟಾ ಸೆನ್ಸೇ ಮತ್ತೆ ಕಚೇರಿಗೆ ಬಂದರು. ಈ ಸಲ ಡಬ್ಬಿ ತಂದಿದ್ದರು. ಶಿಶುವಿಹಾರವನ್ನು ಮೇಲೆ ಕಟ್ಟಿಕೊಡಿ ಎಂದಾಗಲಿ, ಫ್ರೇಮು ಬದಲಿಸಿ ಎಂದಾಗಲಿ ಕೇಳಲಿಲ್ಲ. ಕಟ್ಟಡ ಅಲ್ಲೇ ತಿರುವಿನಲ್ಲಿರಲಿ, ವಿಳಾಸವನ್ನು ಮಾತ್ರ ಸ್ಮಶಾನಕ್ಕೆ ವರ್ಗಾಯಿಸಿಕೊಡಿ ಎಂದರು. ಯಾರಿಗೂ ಮುಜುಗರವಿಲ್ಲದ ಇಂಥ ಕೋರಿಕೆ ವಿಭಾಗಕ್ಕೆ ಹಿಂದೆಂದೂ ಬಂದಿರಲಿಲ್ಲ. ತೋಮಿಯಾಸು ಅವರು ನಿಂತುಕೊಂಡೇ ಮಂಜೂರು ಮಾಡಿದರು. ಸ್ಮಶಾನದವರನ್ನೂ ಕೇಳಲಾಯಿತು, ಅವರು ಎಂದಿನಂತೆ ಆಕ್ಷೇಪಿಸಲಿಲ್ಲ.

ಈಗ ಆ ಶಿಶುವಿಹಾರಕ್ಕೆ ಮಕ್ಕಳನ್ನು ಸೇರಿಸಲು ಜನ ಸಾಲು ಹಚ್ಚಿದ್ದಾರೆ. ಮಳೆಗಾಲದ ಮುನ್ನ ಮಕ್ಕಳಿಗೆ ವಿಳಾಸ ಬಾಯಿಪಾಠ ಮಾಡಿಸುವುದು ನಮ್ಮಲ್ಲಿ ರೂಢಿ. ನಾನು ಬೆಳಿಗ್ಗೆ ಆ ದಾರಿಯಲ್ಲೇ ಕಚೇರಿಗೆ ಹೋಗುತ್ತೇನೆ. "ಮಕ್ಕಳೇ, ನೀವು ಎಲ್ಲಿಯವರು?" ಎಂದು ಸೆನ್ಸೇ ಕೂಗಿ ಕೇಳುತ್ತಾರೆ. ಗಾಡಿಯ ಕಂಬಿ ಹಿಡಿದು ನಿಂತ ಮಕ್ಕಳು "ಸ್ಮಶಾನದವರು!" ಎಂದು ಒಟ್ಟಿಗೆ ಕಿರುಚುತ್ತಾರೆ. ಬೇಲಿಯಾಚೆ ನಿಂತ ತಾಯಂದಿರು ನೆಮ್ಮದಿಯಿಂದ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟುತ್ತೇನೆ.