ಐದನೇ ದಿನದ ಮಾತ್ರೆ

ಡಬ್ಬಿರಾಯರು ಬೆಳಗಿನ ಮಾತ್ರೆಗೆಂದು ಪೊಟ್ಟಣ ಬಿಚ್ಚಿದರು. ಐದನೇ ದಿನದ ಮಾತ್ರೆಗಳಿರಬೇಕಾದ ಎರಡು ಗುಳಿಗಳೂ ಖಾಲಿ. ಆರನೇ ದಿನದವೂ ಖಾಲಿ, ಏಳನೇ ದಿನದವೂ ಖಾಲಿ. ನಿನ್ನೆ ರಾತ್ರಿ ನಿದ್ದೆಗಣ್ಣಿನಲ್ಲಿ ತಾವೇ ಆರು ಮಾತ್ರೆ ನುಂಗಿಬಿಟ್ಟರೋ ಏನೋ ಎಂದು ಹೊಟ್ಟೆ ಸವರಿ ನೋಡಿಕೊಂಡರು. ಹೊಟ್ಟೆ ಯಾವ ಸುಳಿವನ್ನೂ ಕೊಡಲಿಲ್ಲ.

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಆದರೆ ಔಷಧದ ಡಬ್ಬಿ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಚಿತ್ರ ಬರೆಯುವ ಕೆಲಸವಾದ್ದರಿಂದ ಇಡೀ ಕಟ್ಟಡಕ್ಕೆ ಅವರು ಡಬ್ಬಿರಾಯರು. ಹನ್ನೊಂದು ತಿಂಗಳು ತಲೆ ಕೆಡಿಸಿಕೊಂಡು ಅವರು ತಯಾರು ಮಾಡಿದ್ದು ಈ ಹೊಸ ಪೊಟ್ಟಣ. ಜನ ಆಂಟಿಬಯಾಟಿಕ್ ಮಾತ್ರೆಯನ್ನು ನೋವು ಇಳಿಯುವವರೆಗೆ ನುಂಗಿ, ಉಳಿದದ್ದನ್ನು ಮುಂದಿನ ಕೆಮ್ಮಿಗೆಂದು ಎತ್ತಿಡುತ್ತಾರಲ್ಲ, ಆ ಚಾಳಿ ಬಿಡಿಸಬೇಕೆಂಬುದು ಔಷಧ ಕಂಪನಿಯವರ ಆಸೆ. ಅದಕ್ಕೇ ಬೆಳಗಿನ ಮಾತ್ರೆಯ ಮೇಲೆ ಸೂರ್ಯ, ರಾತ್ರಿಯದರ ಮೇಲೆ ಚಂದ್ರ, ಒಂದರಿಂದ ಏಳರವರೆಗೆ ದಿನಗಳ ದಪ್ಪ ಅಂಕಿ. ಓದು ಬಾರದವರಿಗೂ ತಿಳಿಯುವ ಹಾಗಿತ್ತು.

ಅಷ್ಟರಲ್ಲಿ ಡಬ್ಬಿರಾಯರ ದವಡೆ ಹಲ್ಲೇ ಕೀವು ಕಟ್ಟಿಕೊಂಡು ಊದಿತು. ಹಲ್ಲಿನ ಡಾಕ್ಟರು ಬರೆದುಕೊಟ್ಟದ್ದೂ ಇದೇ ಮಾತ್ರೆ. "ಒಳ್ಳೇ ಗಳಿಗೇಲಿ ಊದಿದೆ ಕಣ್ರೀ," ಎಂದು ಪ್ರೆಸ್ಸಿನ ಯಜಮಾನರು ಹಿಗ್ಗಿದ್ದರು. ಕಂಪನಿಯ ಮೇಡಂ, "ನೀವೇ ತಗೊಂಡು ತೋರಿಸಿ. ಐದನೇ ದಿನ ಬಂದು ನೋಡ್ತೀನಿ, ಜನ ಕೈ ಬಿಡೋದು ಅವತ್ತೇ," ಎಂದು ಡಾಕ್ಟರ ಚೀಟಿಯನ್ನು ತಮ್ಮ ಫೈಲಿಗೆ ಹಾಕಿಕೊಂಡು ಹೋಗಿದ್ದರು. ಪೊಟ್ಟಣ ಒಪ್ಪಿಗೆಯಾದರೆ ಡಬ್ಬಿರಾಯರು ಹೊಸ ವಿಭಾಗಕ್ಕೆ ಮುಖ್ಯಸ್ಥರು. ಇಲ್ಲವಾದರೆ ಮತ್ತೆ ಸೋಪಿನ ಕಾಗದಕ್ಕೆ ಗುಳ್ಳೆ ಬರೆಯುವ ಕೆಲಸ. ಆ ಗುಳ್ಳೆಗಳನ್ನು ನೆನೆದರೆ ಅವರಿಗೆ ಈಗಲೂ ಕಣ್ಣು ಕತ್ತಲೆ ಬರುತ್ತಿತ್ತು. ಮೇಡಂ ಬರುವುದು ಇವತ್ತು ಮಧ್ಯಾಹ್ನ.

"ಯಾರೇ ಮುಟ್ಟಿದ್ದು ಇದನ್ನ?" ಎಂದು ಡಬ್ಬಿರಾಯರು ಹೆಂಡತಿಯ ಮೇಲೆ ಎಗರಿದರು.

"ನಿನ್ನೆ ಎಲ್ಲರಿಗೂ ತೋರಿಸಿ ಹೊಗಳಿಸ್ಕೊಂಡಿದ್ದು ಯಾರು? ನಾನಾ?" ಎಂದಳು ಆಕೆ.

ಮಾತು ಮುಗಿಯುವಷ್ಟರಲ್ಲಿ ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಕೆಮ್ಮುತ್ತ ಹತ್ತಿ ಬಂದರು. "ಡಬ್ಬಿರಾಯ್ರೇ, ನಿನ್ನೆ ಸಂಜೆ ನೀವು ಸ್ನಾನಕ್ಕೆ ಹೋಗಿದ್ರಿ, ಅದಕ್ಕೆ ಕೇಳ್ಲಿಲ್ಲ. ನನ್ನ ಕೆಮ್ಮಿಗೆ ನಿನ್ನೆಗೆ ಐದು ದಿನ. ಅದಕ್ಕೆ ಐದನೇ ದಿನದ್ದೇ ತಗೊಂಡೆ. ಒಂದು ಸೂರ್ಯ, ಒಂದು ಚಂದ್ರ. ಬೇರೆ ದಿನದ್ದು ಮುಟ್ಟಿದ್ರೆ ಕೇಳಿ."

ಅವರ ಬೆನ್ನಿಗೇ ಎದುರು ಮನೆಯ ಟೈಲರಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡೇ ಇಣುಕಿದಳು. "ನನ್ನ ನೆಗಡಿಗೆ ಆರನೇ ದಿನ ಅಣ್ಣಾ. ಲೆಕ್ಕ ತಪ್ಪಿಲ್ಲ."

ಏಳನೇ ದಿನದ ಕಳ್ಳರು ಮನೆಯೊಳಗೇ ಇದ್ದರು. ಡಬ್ಬಿರಾಯರ ಅತ್ತೆ ಮಂಡಿ ನೀವಿಕೊಳ್ಳುತ್ತ, "ನನ್ನ ಮಂಡಿ ನೋವು ಶುರುವಾಗಿದ್ದು ಯಾವತ್ತು ಅಂತ ಯಾರಿಗೆ ನೆನಪಿದೆ ಅಳಿಯಂದ್ರೇ? ಕೊನೇ ದಿನದ ಮಾತ್ರೆ ತಾನೆ ಕಾಯಿಲೆ ಮುಗಿಸೋದು? ಅದನ್ನೇ ನುಂಗ್ಬಿಟ್ರೆ ನಡುವಿನ ರಗಳೆ ಇರಲ್ಲ ಅಂತ," ಎಂದರು.

ಡಬ್ಬಿರಾಯರು ಪೊಟ್ಟಣವನ್ನು ಮೂವರ ಮುಂದೆ ಝಳಪಿಸಿದರು. "ಡಾಕ್ಟರನ್ನ ಕೇಳ್ದೆ ಹೀಗೆಲ್ಲ ನುಂಗ್ಬಾರದು! ಕೆಮ್ಮು ನೆಗಡಿಗೆಲ್ಲ ಇದು ಕೆಲಸಾನೇ ಮಾಡಲ್ಲ!"

"ಅದೇ ನೋಡಿ ವಿಚಿತ್ರ," ಎಂದರು ಮೇಷ್ಟ್ರು. "ಹಳೇ ಡಬ್ಬಿ ಮೇಲೆ ಇರುವೆ ಸಾಲಿನ ಥರ ಅಕ್ಷರ ಇರ್ತಿತ್ತು. ಏನೂ ತಿಳೀತಿರ್ಲಿಲ್ಲ, ಭಯ ಆಗಿ ಡಾಕ್ಟರ್ ಹತ್ರ ಓಡ್ತಿದ್ವಿ. ನಿಮ್ಮದು ಎಷ್ಟು ಸ್ಪಷ್ಟವಾಗಿದೆ ಅಂದ್ರೆ, ಡಾಕ್ಟರ್ ಯಾಕೆ ಬೇಕು ಅನ್ನಿಸಿಬಿಡ್ತು."

ಹನ್ನೊಂದು ತಿಂಗಳಲ್ಲಿ ಯಾರೂ ಅವರ ಕೆಲಸವನ್ನು ಇಷ್ಟು ಮನಸಾರೆ ಹೊಗಳಿರಲಿಲ್ಲ. ಡಬ್ಬಿರಾಯರಿಗೆ ಅಳಬೇಕೆನ್ನಿಸಿತು. "ಇನ್ನಾದ್ರೂ ಡಾಕ್ಟರ್ ಹತ್ರ ಹೋಗಿ ಮಹಾರಾಯ್ರೇ! ಮೂರೂ ಜನ! ಇವತ್ತೇ!" ಎಂದು ಕೂಗಿ, ಪೊಟ್ಟಣವನ್ನು ಮೇಜಿನ ಮೇಲೆ ಎಸೆದು, ಔಷಧದ ಅಂಗಡಿಗೆ ಓಡಿದರು.

"ಚೀಟಿ?" ಎಂದ ಅಂಗಡಿಯವನು.

"ಕಂಪನಿ ಫೈಲಿನಲ್ಲಿದೆ. ಆರೇ ಆರು ಮಾತ್ರೆ ಕೊಡಪ್ಪ, ನಾನೇನು ಪರಿಚಯ ಇಲ್ದವನಾ?"

ಅಂಗಡಿಯವನು ಒಂದು ಡಬ್ಬಿ ತೆಗೆದು ಅದರ ಕೆಂಪು ಸಾಲಿನ ಮೇಲೆ ಬೆರಳಿಟ್ಟ. ‘ಡಾಕ್ಟರ ಚೀಟಿ ಇಲ್ಲದೆ ಮಾರಬಾರದು.’ "ಮೊದಲು ಸಣ್ಣಕ್ಕಿತ್ತು ಸಾರ್, ಕಾಣಲಿಲ್ಲ ಅನ್ನಬಹುದಿತ್ತು. ಹೋದ ವರ್ಷ ಯಾವನೋ ಪುಣ್ಯಾತ್ಮ ಇಷ್ಟು ದಪ್ಪ ಮಾಡಿದಾನೆ. ಈಗ ಹಾಗಂದ್ರೆ ನನ್ನ ಕಣ್ಣೇ ಸರಿ ಇಲ್ಲ ಅಂತಾರೆ."

ಆ ಪುಣ್ಯಾತ್ಮ ತಾವೇ ದಪ್ಪ ಮಾಡಿದ್ದ ಸಾಲನ್ನು ಇನ್ನೊಮ್ಮೆ ನೋಡಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ನಡೆದರು. ಬಾಗಿಲಿಗೆ ಬೀಗ. ಹಲಗೆಯ ಮೇಲೆ, ‘ಸಂಜೆ ಐದರಿಂದ. ಏಳು ಟೋಕನ್ ಮಾತ್ರ’ ಎಂದು ಬರೆದಿತ್ತು.

ಏದುಸಿರು ಬಿಡುತ್ತ ಮನೆಗೆ ಬಂದರೆ ಮೂವರೂ ಪರೀಕ್ಷೆ ಪಾಸಾದ ಮಕ್ಕಳಂತೆ ನಿಂತಿದ್ದರು. ಹೆಂಡತಿ ಚೀಲ ಕೈಗಿತ್ತಳು. "ಪೊಟ್ಟಣ ಒಳಗಿದೆ. ಬಸ್ಸಿಗೆ ಹೊತ್ತಾಯ್ತು, ಹೊರಡಿ."

"ಯೋಚನೆ ಮಾಡ್ಬೇಡಿ. ಎಲ್ಲಾ ಸರಿ ಮಾಡಿದ್ದೀವಿ," ಎಂದರು ಮೇಷ್ಟ್ರು. ಏನು ಸರಿ ಮಾಡಿದ್ದು ಎಂದು ಕೇಳಲು ವ್ಯವಧಾನವಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಮೇಡಂ ಬಂದರು. ಯಜಮಾನರು ಮೇಜಿಗೆ ಹೊಸ ಬಟ್ಟೆ ಹಾಸಿಸಿದ್ದರು. ನಿಜ ಹೇಳಿಬಿಡೋಣ ಎಂದು ಡಬ್ಬಿರಾಯರು ಬಾಯಿ ತೆರೆಯುವ ಮೊದಲೇ ಯಜಮಾನರು ಚೀಲಕ್ಕೆ ಕೈ ಹಾಕಿ, ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಮೇಡಂ ಮುಂದಿಟ್ಟರು.

ಪೊಟ್ಟಣ ತುಂಬಿತ್ತು.

ಐದನೇ ದಿನದ ಗುಳಿಗಳಲ್ಲಿ ಬಟನ್ನಿನಷ್ಟು ಅಗಲದ ಎರಡು ಹಳದಿ ಮಾತ್ರೆ. ಆರನೆಯದರಲ್ಲಿ ಎರಡು ತಲೆನೋವಿನ ಮಾತ್ರೆ. ಏಳನೆಯದರಲ್ಲಿ ಗಂಟಲಿಗೆ ಚೀಪುವ ಎರಡು ಪೆಪ್ಪರಮೆಂಟು. ಎಲ್ಲದರ ಮೇಲೂ ಅಂಟುಪಟ್ಟಿಯನ್ನು ಅಳತೆ ಹಿಡಿದು ಕತ್ತರಿಸಿ ಅಂಟಿಸಿದ್ದು ಟೈಲರಮ್ಮನ ಕೈಕೆಲಸವೆಂದು ನೋಡಿದೊಡನೆ ತಿಳಿಯುತ್ತಿತ್ತು. ಜೊತೆಗೆ ಮೇಷ್ಟ್ರ ದುಂಡು ಅಕ್ಷರದ ಚೀಟಿ: ‘ಪಡೆದದ್ದು ಆರು. ಮನೆಯಲ್ಲಿ ಉಳಿದಿದ್ದ ಮಾತ್ರೆಗಳಿಂದ ಹಿಂದಿರುಗಿಸಿದ್ದು ಆರು. ವಂದನೆಗಳು.’

ಯಜಮಾನರ ಮುಖ ಸುಣ್ಣವಾಯಿತು. ಡಬ್ಬಿರಾಯರು ಕಣ್ಣು ಮುಚ್ಚಿಕೊಂಡು ಬೆಳಗಿನಿಂದ ನಡೆದದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದರು. ಮುಗಿಸಿ ಕಣ್ಣು ತೆರೆದಾಗ ಮೇಡಂ ಬರೆದುಕೊಳ್ಳುತ್ತಿದ್ದರು.

"ನಿಮ್ಮ ಪೊಟ್ಟಣ ಹೇಳಿದ ಹಾಗೆ ಎಲ್ಲರೂ ಕೇಳಿದಾರೆ, ರೋಗಿ ಒಬ್ಬರನ್ನ ಬಿಟ್ಟು," ಎಂದರು ಮೇಡಂ. ಅವರಿಗೂ ನಗು ತಡೆಯಲಾಗಲಿಲ್ಲ. "ಸೂರ್ಯ ಚಂದ್ರ ಎಲ್ಲಾ ಇರ್ಲಿ. ಇದು ಯಾರಿಗೆ ಅನ್ನೋದೇ ಬರೆದಿಲ್ಲವಲ್ಲ? ಅದನ್ನ ಸೇರಿಸಿ. ಇವತ್ತು ಸಂಜೆ ಡಾಕ್ಟರನ್ನ ಕಾಣಿ, ಮುಂದೇನು ಅಂತ ಅವರೇ ಹೇಳ್ಲಿ. ಅವರ ಚೀಟಿ ಹಿಡ್ಕೊಂಡು ನಾಳೆ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಹತ್ತೂವರೆಗೆ ಇನ್ನೊಂದು ಪ್ರೆಸ್ಸಿನವರು ಬರ್ತಾರೆ. ನೀವು ಬರದಿದ್ರೆ ಕೆಲಸ ಅವರಿಗೆ."

ಡಬ್ಬಿರಾಯರಿಗೆ ಹೋದ ಜೀವ ಬಂದಂತಾಯಿತು. ಕೂತಲ್ಲೇ ಸಾಲು ಬರೆದರು, ಹೊಡೆದು ಹಾಕಿ ಮತ್ತೆ ಬರೆದರು. ಮಾದರಿ ಹಾಳೆ ಅಚ್ಚಾಗಿ ಹೊರಬಂದಾಗ ಶಾಯಿ ಆರುವವರೆಗೂ ಊದುತ್ತ ನಿಂತಿದ್ದರು. ಅದನ್ನು ಎದೆಗವಚಿಕೊಂಡು ಆರು ಗಂಟೆಗೆ ಕ್ಲಿನಿಕ್ಕಿಗೆ ಬಂದರೆ, ಬೆಂಚಿನ ಮೇಲೆ ಸಾಲಾಗಿ ಮೇಷ್ಟ್ರು, ಟೈಲರಮ್ಮ, ಅತ್ತೆ!

"ನೀವೇ ಹೇಳಿದ್ರಲ್ಲ, ಇವತ್ತೇ ಹೋಗಿ ಅಂತ," ಎಂದರು ಅತ್ತೆ.

"ಇವರು ಹಲ್ಲಿನ ಡಾಕ್ಟರು ಅತ್ತೆ! ಮಂಡಿಗೂ ಹಲ್ಲಿಗೂ ಏನು ಸಂಬಂಧ?"

"ಮಾತ್ರೆ ಇವರದ್ದು ತಾನೆ ಅಣ್ಣಾ?" ಎಂದಳು ಟೈಲರಮ್ಮ. "ಇವರನ್ನಲ್ದೆ ಇನ್ಯಾರನ್ನ ಕೇಳೋದು?"

ಟೋಕನ್ ಕೊಡುವ ಹುಡುಗಿ ತಲೆಯೆತ್ತದೆ ಹೇಳಿದಳು. "ಏಳೂ ಆಯ್ತು ಸಾರ್. ಡಾಕ್ಟರು ಇನ್ನು ಸೋಮವಾರವೇ ಸಿಗೋದು."

ಡಬ್ಬಿರಾಯರು ಬೆಂಚಿನತ್ತ ತಿರುಗಿದರು. ಐದು, ಆರು, ಏಳನೇ ಟೋಕನ್ ಮೂರೂ ಆ ಮೂವರ ಕೈಯಲ್ಲೇ ಇದ್ದವು. ಮೇಷ್ಟ್ರು ಆಗಲೇ ಅವರ ಕೈಯಿಂದ ಹಾಳೆ ತೆಗೆದುಕೊಂಡು, ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. "‘ಡಾಕ್ಟರು ನಿಮಗೆಂದು ಕೊಟ್ಟದ್ದು ನಿಮಗೆ ಮಾತ್ರ. ಎಷ್ಟೇ ಬೇಕಾದವರು ಕೇಳಿದರೂ ಇನ್ನೊಬ್ಬರಿಗೆ ಕೊಡಬೇಡಿ.’ ಆಹಾ! ಈಗ ನೋಡಿ, ಒಂದೇ ಸಲಕ್ಕೆ ತಲೆಗೆ ಹೋಯ್ತು."

"ಮೇಷ್ಟ್ರೇ, ಕೈ ಮುಗೀತೀನಿ. ನಿಮ್ಮ ಟೋಕನ್ ನನಗೆ ಕೊಡಿ. ನಾಳೆ ಹತ್ತಕ್ಕೆ ಚೀಟಿ ಇಲ್ದಿದ್ರೆ ನನ್ನ ಕೆಲಸ ಕೆಟ್ಟುಹೋಗುತ್ತೆ."

ಮೇಷ್ಟ್ರು ಟೋಕನ್ನನ್ನೊಮ್ಮೆ, ಹಾಳೆಯನ್ನೊಮ್ಮೆ ನೋಡಿದರು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು. ಆಮೇಲೆ ಟೋಕನ್ನನ್ನು ಅಂಗಿಯ ಜೇಬಿಗಿಳಿಸಿ ಗುಂಡಿ ಹಾಕಿಕೊಂಡರು.

"ಒಂದು ಸಲ ತಪ್ಪು ಮಾಡಿ ಬೆಳಿಗ್ಗೆ ನಿಮ್ಮ ಕೈಲಿ ಬೈಸ್ಕೊಂಡಿದ್ದೀನಿ ಡಬ್ಬಿರಾಯ್ರೇ. ಇದೂ ಡಾಕ್ಟರು ಕೊಟ್ಟದ್ದೇ ತಾನೆ? ಇಷ್ಟು ಸ್ಪಷ್ಟವಾಗಿ ಬರೆದಿರೋವಾಗ ಮತ್ತೆ ಹೇಗೆ ತಪ್ಪು ಮಾಡ್ಲಿ?"

ಅತ್ತೆ ಏಳನೇ ಟೋಕನ್ನನ್ನು ಮೆಲ್ಲಗೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಕೊಡೋಕೆ ಮನಸ್ಸಿದೆ ಅಳಿಯಂದ್ರೇ. ನೀವು ಬರೆದಿದ್ದನ್ನ ಮನೆಯವರೇ ಮೀರಿದ್ರೆ ಚೆನ್ನಾಗಿರುತ್ತಾ?"

ಒಳಗಿನಿಂದ ಡಾಕ್ಟರು ಐದನೆಯವರನ್ನು ಕರೆದರು. ಮೇಷ್ಟ್ರು ಮಾದರಿ ಹಾಳೆಯನ್ನು ಜೋಪಾನವಾಗಿ ಮಡಚಿ ಡಬ್ಬಿರಾಯರ ಕೈಗಿಟ್ಟು, ಕೆಮ್ಮುತ್ತ ಎದ್ದು ಹೋದರು. ಎರಡು ದಿನದಿಂದ ಸುಮ್ಮನಿದ್ದ ಡಬ್ಬಿರಾಯರ ದವಡೆ ಹಲ್ಲು ಮತ್ತೆ ಚುಳುಕ್ ಎಂದಿತು.